ಶಾಲೆ ಬಿಟ್ಟ ಮೇಲಿನ ತರಗತಿಗೆ ಕಾಲೇಜು ಹುಡುಗರು: ಅಮೆರಿಕದ ವರ್ಕ್-ಸ್ಟಡಿ ಬಳಸಿಕೊಳ್ಳುವುದು ಹೇಗೆ

ಮಧ್ಯಾಹ್ನ 3ಕ್ಕೆ ಶಾಲೆ ಬಿಡುತ್ತದೆ. ಅಪ್ಪ ಅಮ್ಮ ಕೆಲಸ ಮುಗಿಸಿ ಮನೆ ಸೇರುವುದು 6ಕ್ಕೆ. ನಡುವಿನ ಆ ಮೂರು ಗಂಟೆಗಾಗಿಯೇ ಅಮೆರಿಕದ ಊರೂರಲ್ಲಿ ಆಫ್ಟರ್-ಸ್ಕೂಲ್ ತರಗತಿಗಳು ನಡೆಯುತ್ತವೆ. ಲೈಬ್ರರಿಯಲ್ಲಿ, ಚರ್ಚಿನ ಹಾಲ್‌ನಲ್ಲಿ, ಶಾಲೆಯ ಊಟದ ಕೋಣೆಯಲ್ಲಿ. ಅಂಥ ಒಂದು ತರಗತಿಯನ್ನು ನಾವು ಕೆಲವು ಅಮ್ಮಂದಿರು ಸೇರಿ ಹಲವು ವರ್ಷ ನಡೆಸಿದೆವು. ಜಾಗ ಸಿಕ್ಕಿತು, ಪುಸ್ತಕ ಸಿಕ್ಕಿತು, ಮಕ್ಕಳಿಗೆ ತಿಂಡಿಯೂ ಸಿಕ್ಕಿತು. ಸಿಗದೇ ಹೋದದ್ದು ಮಗುವಿನ ಪಕ್ಕ ಕೂತು ಓದಿಸುವ ಜನ. ವಾರಕ್ಕೊಮ್ಮೆ ಬಂದುಹೋಗುವ ಸ್ವಯಂಸೇವಕರಿದ್ದರು. ಆದರೆ ಈ ವಾರ ಬಂದವರು ಮುಂದಿನ ವಾರ ಬರುತ್ತಿರಲಿಲ್ಲ. ಮಗು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು.

ಇದಕ್ಕೆ ನಮಗೆ ದಾರಿ ತೋರಿಸಿದ್ದು ಫೆಡರಲ್ ವರ್ಕ್-ಸ್ಟಡಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಒಂದು ಯೋಜನೆ. ಕಾಲೇಜು ಓದುವ ಹುಡುಗ ಹುಡುಗಿಯರು ನಿಮ್ಮಲ್ಲಿ ಬಂದು ಕೆಲಸ ಮಾಡುತ್ತಾರೆ, ಸಂಬಳದ ದೊಡ್ಡ ಪಾಲನ್ನು ಸರ್ಕಾರ ಕೊಡುತ್ತದೆ. ಲೈಬ್ರರಿ, ಶಾಲೆ, ಸಂಘ ಅಥವಾ ನಿಮ್ಮದೇ ಒಂದು ಸಣ್ಣ ತಂಡದ ಮೂಲಕ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೀರಾ? ಈ ಬರಹ ನಿಮಗಾಗಿ.

ಮೊದಲು, ಇದು ಏನು ಅಂತ ತಿಳಿಯಿರಿ

ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, 1964ರಲ್ಲಿ, ಬಡತನದ ವಿರುದ್ಧ ತಂದ ಕಾನೂನಿನ ಒಂದು ಭಾಗವಾಗಿ ಇದು ಶುರುವಾಯಿತು. ಕಾಲೇಜು ಫೀಸು ಕಟ್ಟಲು ಕಷ್ಟಪಡುವ ಮಕ್ಕಳಿಗೆ ಓದಿನ ಜೊತೆಗೆ ಒಂದು ಕೆಲಸ ಸಿಗಲಿ ಅನ್ನುವುದು ಉದ್ದೇಶ. ಸರ್ಕಾರ ಪ್ರತಿ ವರ್ಷ ಕಾಲೇಜುಗಳಿಗೆ ಇಷ್ಟು ಅಂತ ಹಣ ಕೊಡುತ್ತದೆ. ವಿದ್ಯಾರ್ಥಿಗಳು ಫಾಫ್ಸಾ (FAFSA) ಅನ್ನುವ, ಓದಿಗೆ ಸರ್ಕಾರದ ಹಣಸಹಾಯ ಕೇಳುವ ಅರ್ಜಿ ತುಂಬುತ್ತಾರೆ. ಮನೆಯ ಪರಿಸ್ಥಿತಿ ನೋಡಿ ಕಾಲೇಜು ಒಬ್ಬೊಬ್ಬರಿಗೂ ವರ್ಷಕ್ಕೆ ಒಂದು ಮೊತ್ತ ಗೊತ್ತುಮಾಡುತ್ತದೆ. ಆ ಮೊತ್ತ ಸುಮ್ನೆ ಕೈಗೆ ಬರುವುದಿಲ್ಲ. ಕೆಲಸ ಮಾಡಿ ಗಂಟೆಯ ಲೆಕ್ಕದಲ್ಲಿ ಗಳಿಸಬೇಕು.

ಈ ಮಕ್ಕಳಲ್ಲಿ ಹೆಚ್ಚಿನವರು ಕಾಲೇಜಿನ ಒಳಗೇ ಕೆಲಸ ಮಾಡುತ್ತಾರೆ. ಲೈಬ್ರರಿ ಮೇಜು, ಜಿಮ್ಮಿನ ಬಾಗಿಲು, ಇಲಾಖೆಯ ಫೋನು. ಆದರೆ ಕಾನೂನಿನಲ್ಲಿ ಒಂದು ಮಾತಿದೆ, ಅದನ್ನು ಗಟ್ಟಿಯಾಗಿ ನೆನಪಿಡಿ. ಕಾಲೇಜು ತನಗೆ ಬಂದ ಈ ಹಣದಲ್ಲಿ ಕನಿಷ್ಠ 7%ಅನ್ನು ಸಮುದಾಯ ಸೇವೆಯ ಕೆಲಸಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಚಿಕ್ಕ ಮಕ್ಕಳಿಗೆ ಓದು ಕಲಿಸುವ, ಇಲ್ಲವೇ ಕುಟುಂಬಗಳಿಗೆ ಓದು ಬರಹ ಕಲಿಸುವ ಕೆಲಸವೂ ಇರಬೇಕು. ವಿಶೇಷ ವಿನಾಯಿತಿ ಪಡೆದಿದ್ದರೆ ಮಾತ್ರ ಇದರಿಂದ ಬಿಡುವು. ಅಂದರೆ ನಿಮಗೆ ಕಾಲೇಜು ಬೇಕಾದ ಹಾಗೆ ಕಾಲೇಜಿಗೂ ನೀವು ಬೇಕು. ಭಿಕ್ಷೆ ಕೇಳುವವರ ಹಾಗೆ ಹೋಗಬೇಡಿ.

ಹೆಜ್ಜೆ 1: ನಿಮ್ಮ ತರಗತಿ ಇದಕ್ಕೆ ಸೇರುತ್ತದಾ ನೋಡಿ

ಸರ್ಕಾರಿ ಶಾಲೆ, ಊರಿನ ಲೈಬ್ರರಿ, ಲಾಭಕ್ಕಾಗಿ ನಡೆಸದ ನೋಂದಾಯಿತ ಸಂಸ್ಥೆ, ಇವೆಲ್ಲ ಸೇರುತ್ತವೆ. ಕೆಲಸ ಸಾರ್ವಜನಿಕರ ಹಿತಕ್ಕಾಗಿ ಇರಬೇಕು. ಸದಸ್ಯರಿಗೆ ಮಾತ್ರ ಸೀಮಿತವಾದ ಸಂಘದ ಕೆಲಸ ನಡೆಯುವುದಿಲ್ಲ. ಪಕ್ಷ ರಾಜಕೀಯದ ಕೆಲಸ ನಡೆಯುವುದಿಲ್ಲ. ಚರ್ಚಿನ ಹಾಲ್‌ನಲ್ಲಿ ತರಗತಿ ನಡೆಸಿದರೆ ತಪ್ಪಿಲ್ಲ, ಆದರೆ ಆ ವಿದ್ಯಾರ್ಥಿಯ ಕೈಯಲ್ಲಿ ಧರ್ಮಬೋಧನೆ ಮಾಡಿಸುವ ಹಾಗಿಲ್ಲ.

ಇನ್ನೊಂದು ನಿಯಮ ನನಗೆ ತುಂಬ ಸರಿ ಅನಿಸುತ್ತದೆ. ಈಗಾಗಲೇ ಸಂಬಳ ಪಡೆಯುತ್ತಿರುವವರನ್ನು ತೆಗೆದು ಅವರ ಜಾಗಕ್ಕೆ ವರ್ಕ್-ಸ್ಟಡಿ ವಿದ್ಯಾರ್ಥಿಯನ್ನು ಕೂರಿಸುವಂತಿಲ್ಲ. ಹತ್ತು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಆಯಮ್ಮನ ಕೆಲಸ ಕಿತ್ತು ಹಣ ಉಳಿಸಲು ಈ ಯೋಜನೆ ಬಂದಿಲ್ಲ.

ಹೆಜ್ಜೆ 2: ಫೆಬ್ರವರಿಯಲ್ಲೇ ಕಾಲೇಜಿನ ಬಾಗಿಲು ತಟ್ಟಿ

ಸೆಪ್ಟೆಂಬರ್‌ನಲ್ಲಿ ತರಗತಿ ಶುರುವಾದ ಮೇಲೆ ಜನ ಹುಡುಕುವುದು ಮುಹೂರ್ತದ ದಿನ ಅಡುಗೆಯವರನ್ನು ಹುಡುಕಿದ ಹಾಗೆ. ಈ ಯೋಜನೆಯ ವರ್ಷ ಜುಲೈ 1ರಿಂದ ಮರುವರ್ಷ ಜೂನ್ 30ರವರೆಗೆ. ಯಾವ ಕೆಲಸಕ್ಕೆ ಎಷ್ಟು ಹಣ ಅಂತ ಕಾಲೇಜು ಅದಕ್ಕೂ ಮುಂಚೆಯೇ ಯೋಚಿಸಿರುತ್ತದೆ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಹೋದರೆ ಸಮಾಧಾನವಾಗಿ ಮಾತಾಡಬಹುದು.

ಎರಡು ಕಡೆ ಹೋಗಬೇಕು. ಒಂದು ಫೈನಾನ್ಶಿಯಲ್ ಏಡ್ ಆಫೀಸು, ಹಣ ಅವರ ಕೈಯಲ್ಲಿ. ಇನ್ನೊಂದು ಸಮುದಾಯ ಸೇವೆಯನ್ನು ನೋಡಿಕೊಳ್ಳುವ ವಿಭಾಗ. ಹೆಸರು ಕಾಲೇಜಿಂದ ಕಾಲೇಜಿಗೆ ಬೇರೆ. ಮಕ್ಕಳ ಓದಿನ ಬಗ್ಗೆ ಕಾಳಜಿ ಇರುವವರು ಸಾಮಾನ್ಯವಾಗಿ ಅಲ್ಲೇ ಸಿಗುತ್ತಾರೆ. ಹತ್ತಿರದಲ್ಲಿ ಕಮ್ಯುನಿಟಿ ಕಾಲೇಜು (ಸುತ್ತಲಿನ ಊರಿನವರಿಗಾಗಿ ಇರುವ ಎರಡು ವರ್ಷದ ಕಾಲೇಜು) ಇದ್ದರೆ ಅದನ್ನು ಮೊದಲು ನೋಡಿ. ಅಲ್ಲಿನ ಮಕ್ಕಳು ಅದೇ ಊರಿನವರು. ಎಷ್ಟೋ ಸಲ ನಿಮ್ಮ ತರಗತಿಯ ಮಕ್ಕಳ ಶಾಲೆಯಲ್ಲೇ ಓದಿದವರು. ರಜಾ ಬಂತು ಅಂತ ಬೇರೆ ರಾಜ್ಯಕ್ಕೆ ಹೊರಟುಹೋಗುವುದಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಕಾಲ ಉಳಿದ ಟ್ಯೂಟರ್ ಅಂಥ ಕಾಲೇಜಿನವಳು.

ಹೋಗುವಾಗ ಒಂದೇ ಪುಟದ ಕಾಗದ ಇರಲಿ. ಎಷ್ಟು ಮಕ್ಕಳು, ಯಾವ ತರಗತಿಯವರು, ಯಾವ ದಿನ, ಎಷ್ಟು ಗಂಟೆಗೆ, ಕಾಲೇಜಿಂದ ಯಾವ ಬಸ್ಸು ಬರುತ್ತದೆ, ಅಲ್ಲಿ ಮೇಲ್ವಿಚಾರಣೆ ಯಾರದು. ಬಸ್ಸಿನ ವಿಷಯ ಮರೆಯಬೇಡಿ. ಈ ಕಾಲೇಜು ಮಕ್ಕಳಲ್ಲಿ ಎಷ್ಟೋ ಜನರ ಹತ್ತಿರ ಕಾರಿಲ್ಲ.

ಹೆಜ್ಜೆ 3: ದುಡ್ಡಿನ ಲೆಕ್ಕ

ಸಂಬಳದಲ್ಲಿ ಸರ್ಕಾರದ ಪಾಲು ಸಾಮಾನ್ಯವಾಗಿ 75%ವರೆಗೆ. ಉಳಿದ 25% ಕಾಲೇಜು ಕೊಡಬಹುದು, ನೀವು ಕೊಡಬಹುದು, ಹಂಚಿಕೊಳ್ಳಲೂಬಹುದು. ಗಂಟೆಗೆ 16 ಡಾಲರ್ ಅಂದುಕೊಂಡರೆ, ಸರ್ಕಾರ 75% ಕೊಟ್ಟಾಗ ಸಂಬಳದಲ್ಲಿ ನಿಮ್ಮ ಮೇಲೆ ಬೀಳುವುದು ಹೆಚ್ಚೆಂದರೆ 4 ಡಾಲರ್. ಕೆಲವು ಶರತ್ತಿನ ಮೇಲೆ ಸರ್ಕಾರದ ಪಾಲು 90%ವರೆಗೂ ಹೋಗುತ್ತದೆ.

ಇನ್ನೂ ಒಳ್ಳೆಯ ಸುದ್ದಿ ಇದೆ. ವಿದ್ಯಾರ್ಥಿ ಎಲಿಮೆಂಟರಿ (ಪ್ರಾಥಮಿಕ) ಶಾಲೆಯ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಓದುವುದನ್ನು ಕಲಿಸಿದರೆ ಪೂರ್ತಿ 100%ವರೆಗೆ ಸರ್ಕಾರವೇ ಕೊಡಬಹುದು. 1997ರ ಜುಲೈನಲ್ಲಿ, ಆಗಿನ ಅಧ್ಯಕ್ಷ ಕ್ಲಿಂಟನ್ ಅವರ, ಮಕ್ಕಳಿಗೆ ಓದು ಕಲಿಸುವ ‘ಅಮೆರಿಕ ರೀಡ್ಸ್’ ಪ್ರಯತ್ನದ ಜೊತೆಗೆ, ಈ ಅವಕಾಶ ಬಂತು. ಆಮೇಲೆ ಗಣಿತವೂ ಸೇರಿತು, ಎಲಿಮೆಂಟರಿಯಿಂದ 9ನೇ ತರಗತಿಯವರೆಗೆ. ನ್ಯೂಯಾರ್ಕ್ ಯೂನಿವರ್ಸಿಟಿಯಂಥ ಕಡೆ ಈಗಲೂ ಇದೇ ಹೆಸರಿನಲ್ಲಿ ಟ್ಯೂಟರ್‌ಗಳನ್ನು ಶಾಲೆಗಳಿಗೆ ಕಳಿಸುತ್ತಾರೆ. 100% ಕೊಡಲೇಬೇಕು ಅಂತ ಕಾಲೇಜಿಗೆ ಕಡ್ಡಾಯವಿಲ್ಲ, ಕೊಡಲು ಅವಕಾಶವಿದೆ ಅಷ್ಟೇ. ಅದಕ್ಕೇ ಬಾಯಿ ಬಿಟ್ಟು ಕೇಳಬೇಕು. ಕೆಲಸದ ವಿವರದಲ್ಲಿ ‘ಮಕ್ಕಳಿಗೆ ಸಹಾಯ’ ಅಂತ ಬರೆಯುವ ಬದಲು ‘1ರಿಂದ 5ನೇ ತರಗತಿಯ ಮಕ್ಕಳಿಗೆ ಓದು ಕಲಿಸುವುದು’ ಅಂತ ಸ್ಪಷ್ಟವಾಗಿ ಬರೆಯಿರಿ. ಅಲ್ಲಿ ಏನು ನಡೆಯುತ್ತದೋ ಅದನ್ನೇ ಬರೆಯಿರಿ. ಓದಿಸುವ ಕೆಲಸ ಅಂತ ಬರೆದು ಕುರ್ಚಿ ಜೋಡಿಸಲು ಹಚ್ಚಬೇಡಿ.

ಎರಡು ಎಚ್ಚರಿಕೆ. ನಿಮ್ಮ ಪಾಲನ್ನು ಬೇರೊಂದು ಫೆಡರಲ್ ಅನುದಾನದಿಂದ ತುಂಬಲು ಸಾಮಾನ್ಯವಾಗಿ ಬರುವುದಿಲ್ಲ. ಎಷ್ಟೋ ಆಫ್ಟರ್-ಸ್ಕೂಲ್ ತರಗತಿಗಳು ಫೆಡರಲ್ ಹಣದಲ್ಲೇ ನಡೆಯುತ್ತವೆ, ಹಾಗಾಗಿ ಮೊದಲೇ ಕೇಳಿ. ಮತ್ತೆ, ಸಂಬಳ ರಾಜ್ಯದ ಅಥವಾ ಊರಿನ ಕನಿಷ್ಠ ಕೂಲಿಗಿಂತ ಕಡಿಮೆ ಇರುವಂತಿಲ್ಲ. ಫೆಡರಲ್ ಕನಿಷ್ಠ ಕೂಲಿ 7.25 ಡಾಲರ್, ಆದರೆ ಬಹಳ ರಾಜ್ಯಗಳಲ್ಲಿ ಅದಕ್ಕಿಂತ ಜಾಸ್ತಿ.

ಹೆಜ್ಜೆ 4: ಗಂಟೆಯ ಲೆಕ್ಕ (ಇಲ್ಲೇ ಎಲ್ಲರೂ ಎಡವುವುದು)

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ನಮ್ಮ ಮೊದಲ ವರ್ಷ ಒಬ್ಬ ಹುಡುಗ ಬಂದ. ಮೃದು ಸ್ವಭಾವ, ಮಕ್ಕಳು ಅವನನ್ನು ಬಿಡುತ್ತಿರಲಿಲ್ಲ. 3ನೇ ತರಗತಿಯ ಒಂದು ಮಗು ಇತ್ತು. ಗಟ್ಟಿಯಾಗಿ ಓದು ಅಂದರೆ ಅಳುತ್ತಿತ್ತು. ಅವನ ಪಕ್ಕ ಕೂತು, ನವೆಂಬರ್ ಹೊತ್ತಿಗೆ ಒಂದೊಂದು ಪುಟ ಓದತೊಡಗಿತು. ನಾವು ಖುಷಿಯಲ್ಲಿ ಅವನನ್ನು ವಾರಕ್ಕೆ ನಾಲ್ಕು ದಿನ ಕರೆದೆವು. ಫೆಬ್ರವರಿಯಲ್ಲಿ ಕಾಲೇಜಿಂದ ಒಂದು ಮೇಲ್ ಬಂತು. ಅವನಿಗೆ ಗೊತ್ತುಮಾಡಿದ ಮೊತ್ತ ಮುಗಿದಿದೆ, ನಾಳೆಯಿಂದ ಕೆಲಸ ಇಲ್ಲ. ಆ ಮಗು ಎರಡು ವಾರ ಬಾಗಿಲ ಕಡೆ ನೋಡುತ್ತಾ ಕೂತಿತ್ತು. ಆಮೇಲೆ ತರಗತಿಗೆ ಬರುವುದನ್ನೇ ಬಿಟ್ಟಿತು. ತಪ್ಪು ನಮ್ಮದೇ. ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ವಿದ್ಯಾರ್ಥಿಗೆ ವರ್ಷಕ್ಕೆ 2,400 ಡಾಲರ್ ಗೊತ್ತುಮಾಡಿದ್ದಾರೆ ಅಂದುಕೊಳ್ಳಿ. ಗಂಟೆಗೆ 16 ಡಾಲರ್ ಆದರೆ ಒಟ್ಟು 150 ಗಂಟೆ. ವಾರಕ್ಕೆ 10 ಗಂಟೆ ಕರೆದರೆ 15 ವಾರಕ್ಕೆ ಮುಗಿಯಿತು, ಒಂದೇ ಸೆಮಿಸ್ಟರ್. ವಾರಕ್ಕೆ 5 ಗಂಟೆ ಕರೆದರೆ 30 ವಾರ ಬರುತ್ತದೆ. ತರಬೇತಿಗೂ ಸಂಬಳ ಕೊಡಬೇಕಲ್ವಾ, ಅದಕ್ಕೆ 20 ಗಂಟೆ ತೆಗೆದರೆ 130 ಗಂಟೆ ಉಳಿಯುತ್ತದೆ. ವಾರಕ್ಕೆ 5ರಂತೆ 26 ವಾರ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ನಡುವೆ ಚಳಿಗಾಲದ ರಜಾ ಕಳೆದರೆ, ಇದು ಹೆಚ್ಚುಕಡಿಮೆ ಸರಿಹೋಗುತ್ತದೆ.

ಆ ಐದು ಗಂಟೆಯನ್ನು ಎರಡು ಸಂಜೆಗೆ ಹಂಚಿ. ಮಂಗಳವಾರ, ಗುರುವಾರ, 3ರಿಂದ 5:30. ನಾಲ್ಕು ದಿನ ನಾಲ್ಕು ತಿಂಗಳು ಬರುವವರಿಗಿಂತ ಎರಡು ದಿನ ವರ್ಷವಿಡೀ ಬರುವವರು ಮಗುವಿಗೆ ಬೇಕು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಹೆಚ್ಚು ದಿನ ತುಂಬಬೇಕಾದರೆ ಇನ್ನೊಬ್ಬ ವಿದ್ಯಾರ್ಥಿಯನ್ನು ಕೇಳಿ, ಇದ್ದವರನ್ನೇ ಹಿಗ್ಗಿಸಬೇಡಿ.

ಗೋಡೆಗೆ ಒಂದು ಹಾಳೆ ಅಂಟಿಸಿ. ಒಬ್ಬೊಬ್ಬರ ಹೆಸರು, ಒಟ್ಟು ಗಂಟೆ, ಉಳಿದ ಗಂಟೆ. ಪ್ರತಿ ಶುಕ್ರವಾರ ಕಳೆಯಿರಿ. ಡಿಸೆಂಬರ್ ಮೊದಲ ವಾರ ಫೈನಾನ್ಶಿಯಲ್ ಏಡ್ ಆಫೀಸಿಗೆ ಫೋನು ಮಾಡಿ ನಿಮ್ಮ ಲೆಕ್ಕವೂ ಅವರ ಲೆಕ್ಕವೂ ತಾಳೆಯಾಗುತ್ತದಾ ಅಂತ ನೋಡಿ. ಆ ವಿದ್ಯಾರ್ಥಿ ಕಾಲೇಜಿನೊಳಗೆ ಎರಡನೇ ವರ್ಕ್-ಸ್ಟಡಿ ಕೆಲಸ ಹಿಡಿದಿದ್ದರೆ ಅದೂ ಇದೇ ಮೊತ್ತದಿಂದ ಹೋಗುತ್ತದೆ. ಯಾರಾದರೂ ಬೇರೆ ವಿದ್ಯಾರ್ಥಿ ತನ್ನ ಪಾಲನ್ನು ಬಳಸದೇ ಬಿಟ್ಟಿದ್ದರೆ ಆ ಹಣದಿಂದ ಇವರ ಮೊತ್ತ ಹೆಚ್ಚಿಸಲು ಸಾಧ್ಯವಾ ಅಂತ ಆಗಲೇ ಕೇಳಿ. ಕೆಲವೊಮ್ಮೆ ಆಗುತ್ತದೆ.

ಹೆಜ್ಜೆ 5: ಒಪ್ಪಂದ

ಕಾಲೇಜಿನ ಹೊರಗೆ ಕೆಲಸ ಮಾಡಿಸಲು ಲಿಖಿತ ಒಪ್ಪಂದ ಬೇಕು. ಹೆಚ್ಚಿನ ಕಾಲೇಜುಗಳ ಹತ್ತಿರ ಸಿದ್ಧ ನಮೂನೆ ಇರುತ್ತದೆ. ಸಹಿ ಹಾಕುವ ಮುಂಚೆ ಈ ಪ್ರಶ್ನೆಗಳಿಗೆ ಉತ್ತರ ಅದರಲ್ಲಿದೆಯಾ ನೋಡಿ: ಲೆಕ್ಕದಲ್ಲಿ ಮಾಲೀಕರು ಯಾರು, ಕಾಲೇಜಾ ನೀವಾ? ಸಂಬಳದ ಚೆಕ್ ಯಾರು ಕೊಡುತ್ತಾರೆ? ಕೆಲಸದಲ್ಲಿ ಏಟಾದರೆ ವಿಮೆ ಯಾರದು? ಸಂಬಳದ ಮೇಲಿನ ತೆರಿಗೆ ಯಾರ ಪಾಲು? ಪ್ರಯಾಣದ ಸಮಯಕ್ಕೆ ಹಣ ಉಂಟಾ?

ಕೊನೆಯದರ ಬಗ್ಗೆ ಒಂದು ಮಾತು. ಸಮುದಾಯ ಸೇವೆಯ ಕೆಲಸದಲ್ಲಿ ತರಬೇತಿಗೂ, ಹೋಗಿಬರುವ ಸಮಯಕ್ಕೂ ಮಿತವಾಗಿ ಸಂಬಳ ಕೊಡಲು ನಿಯಮ ಬಿಡುತ್ತದೆ. ಬಹಳ ಕಡೆ ಇದು ಗೊತ್ತಿಲ್ಲದೆ ಕೊಡುವುದಿಲ್ಲ. ಒಂದು ಗಂಟೆ ಬಸ್ಸಲ್ಲಿ ಬಂದು ಎರಡೂವರೆ ಗಂಟೆ ದುಡಿಯುವ ಹುಡುಗಿಗೆ ಕಾಲೇಜಿನ ಲೈಬ್ರರಿ ಮೇಜೇ ಲಾಭ ಅನಿಸದೇ ಇರುತ್ತದಾ? ಕೇಳಿ ಕೊಡಿಸಿ. ಆದರೆ ಆ ಗಂಟೆಗಳೂ ಗೋಡೆಯ ಹಾಳೆಯಲ್ಲಿ ಕಳೆಯಬೇಕು.

ಹೆಜ್ಜೆ 6: ಆರಿಸುವುದು, ಕಾಗದಪತ್ರ

ಕಾಲೇಜಿನ ಕೆಲಸದ ಪಟ್ಟಿಯಲ್ಲಿ ನಿಮ್ಮದನ್ನು ಆಗಸ್ಟ್ ಮೊದಲಿಗೇ ಹಾಕಿಸಿ. ಅರ್ಜಿ ಹಾಕುವವರ ಅಂಕಗಳನ್ನು ನಾನು ಕೇಳುವುದಿಲ್ಲ. ಅವರ ಮುಂದೆ ಮಕ್ಕಳ ಪುಸ್ತಕ ಒಂದನ್ನು ಇಟ್ಟು, ಒಂದು ಮಗುವಿನ ಜೊತೆ ಹತ್ತು ನಿಮಿಷ ಕೂರಿಸುತ್ತೇನೆ, ನಾನೂ ಅಲ್ಲೇ ಇರುತ್ತೇನೆ. ಮಗು ಒಂದು ಪದಕ್ಕೆ ತಡವರಿಸಿದಾಗ ಇವರು ಏನು ಮಾಡುತ್ತಾರೆ? ತಕ್ಷಣ ತಾವೇ ಹೇಳಿಬಿಡುತ್ತಾರಾ, ಸ್ವಲ್ಪ ಕಾಯುತ್ತಾರಾ? ಕಾಯುವವರನ್ನು ನಾನು ಆರಿಸುತ್ತೇನೆ. ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳು ಜಾಸ್ತಿ ಇದ್ದರೆ, ತಾನೂ ಹಾಗೇ ಬೆಳೆದ ವಿದ್ಯಾರ್ಥಿ ಸಿಕ್ಕರೆ ಬಿಡಬೇಡಿ.

ಮಕ್ಕಳ ಹತ್ತಿರ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲನೆ ಆಗಲೇಬೇಕು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬೆರಳಚ್ಚು ಕೊಟ್ಟು ವರದಿ ಬರಲು ವಾರಗಟ್ಟಲೆ ಆಗುವುದುಂಟು. ಅದರ ಶುಲ್ಕ ವಿದ್ಯಾರ್ಥಿಯ ಮೇಲೆ ಹಾಕಬೇಡಿ. ದುಡ್ಡಿನ ಕಷ್ಟಕ್ಕೇ ಈ ಕೆಲಸಕ್ಕೆ ಬಂದವರು ಅವರು. ವರದಿ ಬರುವವರೆಗೆ ಮಕ್ಕಳ ಜೊತೆ ಬಿಡದೆ ತರಬೇತಿಯ ಕೆಲವು ಗಂಟೆಗಳನ್ನು ಮುಗಿಸಿ.

ಹೆಜ್ಜೆ 7: ತರಬೇತಿ

ಟ್ಯೂಟರ್‌ಗಳಿಗೆ ಕೆಲಸ ಶುರು ಮಾಡುವ ಮುಂಚೆ ಸುಮಾರು 20 ಗಂಟೆ ಮೀರದ ತರಬೇತಿ ಸೂಕ್ತ ಅಂತ ಶಿಕ್ಷಣ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ. ಅಷ್ಟೂ ಹೊತ್ತು ಭಾಷಣ ಮಾಡಬೇಡಿ. ನಾಲ್ಕೈದು ಗಂಟೆ ಕೂರಿಸಿ ಹೇಳಿ: ಅಕ್ಷರದ ಸದ್ದುಗಳನ್ನು ಹೇಗೆ ಜೋಡಿಸಿ ಓದಿಸಬೇಕು, ಮಗುವಿನ ಮಟ್ಟಕ್ಕೆ ಪುಸ್ತಕ ಹೇಗೆ ಆರಿಸಬೇಕು, ಮಗುವಿನ ಮೈಮೇಲೆ ಏಟಿನ ಗುರುತು ಕಂಡರೆ ಯಾರಿಗೆ ತಿಳಿಸಬೇಕು, ಮಗುವಿನ ಫೋಟೋ ಫೋನಿಗೆ ಯಾಕೆ ಹಾಕಬಾರದು. ಉಳಿದ ಗಂಟೆ ಅನುಭವಿಗಳ ಪಕ್ಕ ಕೂತು ನೋಡಲಿ. ಹತ್ತಿರದ ಶಾಲೆಯ ಒಬ್ಬ ಟೀಚರ್ ಒಂದು ಶನಿವಾರ ಬಂದು ಹೇಳಿಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಹೆಜ್ಜೆ 8: ದಿನದಿನದ ನಡೆ

ಒಬ್ಬ ಟ್ಯೂಟರ್‌ಗೆ ಎರಡು ಅಥವಾ ಮೂರು ಮಕ್ಕಳನ್ನು ಗೊತ್ತುಮಾಡಿ, ವರ್ಷವಿಡೀ ಅವರೇ ಇರಲಿ. ಬಂದ ಕೂಡಲೇ ತಿಂಡಿ. ಆಮೇಲೆ ಒಬ್ಬೊಬ್ಬರ ಜೊತೆ 20 ನಿಮಿಷ ಗಟ್ಟಿ ಓದು. ಆಮೇಲೆ ಹೋಮ್‌ವರ್ಕ್. ಕೊನೆಯ ಐದು ನಿಮಿಷ ಟ್ಯೂಟರ್ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಲಿ: ಇವತ್ತು ಏನು ಓದಿದೆವು, ಎಲ್ಲಿ ತಡವರಿಸಿತು.

ಟೈಮ್‌ಶೀಟಿಗೆ ನೀವು ಸಹಿ ಹಾಕಬೇಕು, ನಿಜವಾಗಿ ಮಾಡಿದ ಗಂಟೆಗೆ ಮಾತ್ರ. ಒಂದು ದಿನ ತಡವಾದರೂ ಆ ಹುಡುಗಿಯ ಸಂಬಳ ಎರಡು ವಾರ ಮುಂದೆ ಹೋಗಬಹುದು. ವಿದ್ಯಾರ್ಥಿಯ ಕ್ಲಾಸಿನ ಸಮಯದಲ್ಲಿ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ಸೆಮಿಸ್ಟರ್ ಬದಲಾದಾಗಲೆಲ್ಲ ಅವರ ವೇಳಾಪಟ್ಟಿ ಕೇಳಿ ಪಡೆಯಿರಿ. ಪರೀಕ್ಷೆಯ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಮಾಡಿ, ಮಕ್ಕಳಿಗೂ ತೋರಿಸಿ. ‘ಅಕ್ಕನಿಗೆ ಪರೀಕ್ಷೆ, ಇಷ್ಟನೇ ತಾರೀಕು ವಾಪಸ್ ಬರುತ್ತಾಳೆ’ ಅಂತ ಗೊತ್ತಿದ್ದರೆ ಮಗು ಕಾಯುತ್ತದೆ.

ನಮ್ಮ ಕನ್ನಡದವರು ಕೇಳುವ ಪ್ರಶ್ನೆಗಳು

ಕರ್ನಾಟಕದಿಂದ ಎಂ.ಎಸ್. ಮಾಡಲು ಬಂದ ಮಕ್ಕಳು ಈ ಕೆಲಸ ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಎಫ್-1 ವೀಸಾದವರಿಗೆ, ಅಂದರೆ ಓದಲು ಬಂದ ವಿದೇಶಿ ವಿದ್ಯಾರ್ಥಿಗಳಿಗೆ, ಫೆಡರಲ್ ಸಹಾಯ ಸಿಗುವುದಿಲ್ಲ, ವರ್ಕ್-ಸ್ಟಡಿಯೂ ಇಲ್ಲ. ಅವರು ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಕ್ಯಾಂಪಸ್ ಕೆಲಸ ಮಾಡಬಹುದು, ಅದರ ಸಂಬಳ ಬೇರೆ ಹಣದಿಂದ ಬರಬೇಕು. ಯೂನಿವರ್ಸಿಟಿಯೇ ತನ್ನ ಆವರಣದಲ್ಲಿ ಮಕ್ಕಳ ತರಗತಿ ನಡೆಸುತ್ತಿದ್ದರೆ ಅಲ್ಲಿ ವಿಚಾರಿಸಲಿ. ಹೊರಗಿನ ತರಗತಿಗೆ ಒಂದು ದಿನ ಬರುವ ಮುಂಚೆಯೂ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಲಿ. ವೀಸಾ ಕೈತಪ್ಪುವ ಅಪಾಯ ಯಾವ ಮಗುವಿಗೂ ಬೇಡ.

ಇಲ್ಲೇ ಹುಟ್ಟಿದ, ಅಥವಾ ಗ್ರೀನ್ ಕಾರ್ಡ್ ಇರುವ ನಮ್ಮ ಮಕ್ಕಳ ವಿಷಯ ಬೇರೆ. ಅಪ್ಪ ಅಮ್ಮ ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೂ ಮಗು ಅಮೆರಿಕದ ಪ್ರಜೆಯಾದರೆ ಫಾಫ್ಸಾ ತುಂಬಬಹುದು. ‘ನಮಗೆಲ್ಲಿ ಸಿಗುತ್ತೆ’ ಅಂತ ತುಂಬದೇ ಬಿಡುವ ಮನೆಗಳನ್ನು ನೋಡಿದ್ದೇನೆ. ತುಂಬಿದರೆ ತಾನೇ ಗೊತ್ತಾಗುವುದು. ವರ್ಕ್-ಸ್ಟಡಿ ಹಣ ಮಿತವಾದದ್ದು, ಬೇಗ ತುಂಬಿದವರಿಗೆ ಅನುಕೂಲ. ವರ್ಕ್-ಸ್ಟಡಿಯಲ್ಲಿ ಗಳಿಸಿದ್ದನ್ನು ಮುಂದಿನ ಫಾಫ್ಸಾದಲ್ಲಿ ಸಹಾಯದ ಲೆಕ್ಕಕ್ಕೆ ಆದಾಯ ಅಂತ ಹಿಡಿಯುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಿ.

ಇನ್ನು ಕನ್ನಡ ಕೂಟಗಳ ಭಾನುವಾರದ ಕನ್ನಡ ತರಗತಿಗೆ? ಕೂಟ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಗಿದ್ದು, ತರಗತಿ ಸದಸ್ಯರಲ್ಲದವರಿಗೂ ತೆರೆದಿದ್ದರೆ ಕೇಳಿ ನೋಡಬಹುದು. ಒಪ್ಪುವುದು ಬಿಡುವುದು ಕಾಲೇಜಿನ ಕೈಯಲ್ಲಿ. ನನಗಂತೂ ಇನ್ನೊಂದು ದಾರಿ ಇಷ್ಟ. ನಮ್ಮ ಕೂಟಗಳಲ್ಲಿ ನಿವೃತ್ತ ಟೀಚರ್‌ಗಳಿದ್ದಾರೆ, ಮಕ್ಕಳ ಮನೆಯಲ್ಲಿ ಆರು ತಿಂಗಳು ಇರಲು ಬಂದ ಅಜ್ಜಿಯರಿದ್ದಾರೆ, ಲೆಕ್ಕ ಇಡಬಲ್ಲವರಿದ್ದಾರೆ. ಊರಿನ ಲೈಬ್ರರಿಯ ಆಫ್ಟರ್-ಸ್ಕೂಲ್ ತರಗತಿಗೆ ವಿದ್ಯಾರ್ಥಿಯ ಸಂಬಳದ 25% ಪಾಲನ್ನು ಕೂಟದಿಂದ ಕೊಡಿ. ಮೇಲಿನ ಲೆಕ್ಕದಲ್ಲಿ ಒಬ್ಬ ಟ್ಯೂಟರ್‌ಗೆ ವರ್ಷಕ್ಕೆ 600 ಡಾಲರ್, ಜೊತೆಗೆ ತೆರಿಗೆ ಅಂತ ಸ್ವಲ್ಪ. ಒಂದು ಯುಗಾದಿ ಊಟದಲ್ಲಿ ಉಳಿಸಬಹುದಾದ ಹಣ ಇದು.

ಕೊನೆಯ ಹೆಜ್ಜೆ: ಮೇ ತಿಂಗಳ ಕಡತ

ಏಪ್ರಿಲ್ ಕೊನೆಯಲ್ಲಿ ಪ್ರತಿ ಟ್ಯೂಟರ್‌ಗೆ ಎರಡು ಗಂಟೆ ಸಂಬಳದ ಸಮಯ ಉಳಿಸಿಡಿ. ತನ್ನ ಒಬ್ಬೊಬ್ಬ ಮಗುವಿನ ಬಗ್ಗೆ ಅರ್ಧ ಪುಟ ಬರೆಯಲಿ. ಯಾವ ಪುಸ್ತಕದವರೆಗೆ ಬಂದಿದೆ, ಯಾವ ಸದ್ದು ಇನ್ನೂ ಕಷ್ಟ, ಏನು ಹೇಳಿದರೆ ನಗುತ್ತದೆ, ಯಾವಾಗ ಸುಮ್ಮನೆ ಬಿಡಬೇಕು. ಆ ಹಾಳೆ ಬೀಗ ಹಾಕುವ ಕಪಾಟಿನಲ್ಲಿರಲಿ. ಬೇಸಿಗೆಯಲ್ಲೂ ಕೆಲವು ಕಾಲೇಜುಗಳು ವರ್ಕ್-ಸ್ಟಡಿ ಕೊಡುತ್ತವೆ, ಕೇಳಿ. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲಿ ಅದೇ ಟ್ಯೂಟರ್ ಬರುತ್ತಾಳಾ ಅಂತ ಈಗಲೇ ಕೇಳಿ, ಬರುವುದಾದರೆ ಅವಳ ಹೆಸರು ಹೇಳಿ ಕಾಲೇಜಿಗೆ ಬರೆಯಿರಿ. ಬರದಿದ್ದರೆ, ಹೊಸಬಳು ಮಗುವಿನ ಪಕ್ಕ ಕೂರುವ ಮುಂಚೆ ಆ ಅರ್ಧ ಪುಟ ಓದಿರಲಿ.